ಇಂಪನಾಳ ನೆರಳು ಕುಕ್ಕರ್ ಆದದ್ದು

ಆ ತಿಂಗಳು ನನಗೊಂದು ಸಣ್ಣ ಚಿಂತೆ ಹತ್ತಿಕೊಂಡಿತ್ತು. ಅಮ್ಮನಿಗೆ ಹೇಳುವಂಥದ್ದಲ್ಲ, ಹೇಳಿದರೆ ಹರಳೆಣ್ಣೆ ಕುಡಿಸಿ ಮಲಗಿಸುತ್ತಿದ್ದಳು. ಡೈರಿಯಲ್ಲಿ ಬರೆದು ನೋಡಿದೆ, ಬರೆದ ಮೇಲೆ ಇನ್ನೂ ದೊಡ್ಡದಾಗಿ ಕಂಡಿತು. ಚಿಂತೆ ಇಷ್ಟೇ: ನನ್ನ ನೆರಳು ತೆಳ್ಳಗಾಗುತ್ತಿತ್ತು. ಬೆಳಿಗ್ಗೆ ಬಟ್ಟೆ ಒಣಹಾಕಲು ವಠಾರದ ಅಂಗಳಕ್ಕೆ ಬಂದರೆ ಒದ್ದೆ ಲಂಗದ ನೆರಳು ಕಪ್ಪಗೆ, ತಂತಿಯ ನೆರಳು ಕಪ್ಪಗೆ, ತಂತಿಗೆ ಸಿಕ್ಕಿಸಿದ ಕ್ಲಿಪ್ಪಿನ ನೆರಳು ಕೂಡ ಕಪ್ಪಗೆ. ನನ್ನದು ಮಾತ್ರ ನೀರು ಹೆಚ್ಚಾದ ಕಾಫಿಯ ಹಾಗೆ.

ನಮ್ಮೂರಿನಲ್ಲಿ ಇದನ್ನು ಸುಮ್ಮನೆ ಬಿಡುವಂತಿಲ್ಲ. ಇಲ್ಲಿ ಜನ ನಿಮ್ಮನ್ನು ಏನೆಂದು ಕರೆಯುತ್ತಾರೋ ನಿಮ್ಮ ನೆರಳು ಅದೇ ಆಗುತ್ತದೆ. ಹೆಸರು ಹಿಡಿದು ಕರೆದರೆ ನಿಮ್ಮದೇ ಆಕಾರ, ಅಡ್ಡಹೆಸರು ಹಿಡಿದು ಕರೆದರೆ ಅಡ್ಡಹೆಸರಿನ ಆಕಾರ. ಬೀದಿಯ ತುದಿಯ ಟೈಲರ್ ದಸ್ತಗೀರ್ ಸಾಬರು ಮಾತೆತ್ತಿದರೆ ಟೀ ಎನ್ನುವವರು, ಹಾಗಾಗಿ ಕೆಟ್ಲ್ ಸಾಬರು. ಅವರು ಕತ್ತರಿ ಹಿಡಿದು ನಿಂತರೆ ಗೋಡೆಯ ಮೇಲೆ ಒಂದು ಕೆಟ್ಲ್ ಬಗ್ಗಿ ಬಟ್ಟೆ ಕತ್ತರಿಸುತ್ತಿರುತ್ತದೆ. ವಠಾರದ ಹಿರಿಯಜ್ಜಿ ನಾಗರತ್ನಮ್ಮನ ನೆರಳು ಒರಳುಕಲ್ಲು. ಅಜ್ಜಿಗೆ ಅದು ಹೆಮ್ಮೆ. ಮಕ್ಕಳು ಅದರ ಮೇಲೆ ಕೂತು ಆಡುತ್ತಾರೆ, ಅಜ್ಜಿ ಅಲುಗಾಡದೆ ನಿಲ್ಲುತ್ತಾರೆ. ಹೆಣ್ಣು ನೋಡಲು ಬರುವವರು ನಮ್ಮೂರಿನಲ್ಲಿ ಬೆಳಿಗ್ಗೆ ಎಂಟಕ್ಕೇ ಬರುವುದು, ಆಗ ನೆರಳು ಉದ್ದ. ನನ್ನನ್ನು ನೋಡಲು ಬಂದವರು ಉಪ್ಪಿಟ್ಟು ತಿಂದು, ಅಂಗಳದಲ್ಲಿ ನನ್ನನ್ನು ಎರಡು ಸುತ್ತು ನಡೆಸಿ, ಹೋಗುವಾಗ ಅಮ್ಮನಿಗೆ ಹೇಳಿದರು: "ಹುಡುಗಿ ಲಕ್ಷಣವಾಗಿದ್ದಾಳೆ ಕಣ್ರೀ. ಆದ್ರೆ ಇದಾಳೋ ಇಲ್ವೋ ಅಂತಾನೇ ಗೊತ್ತಾಗಲ್ಲ."

ತಪ್ಪು ಅವರದ್ದಲ್ಲ. ನಾನು ಮಾತಾಡುವುದು ಕಡಿಮೆ, ಹಾಗಾಗಿ ನನ್ನನ್ನು ಕರೆಯುವವರೂ ಕಡಿಮೆ. ಬಿ.ಎ. ಮುಗಿಸಿ ಮನೆಯಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತೇನೆ. ಅವರಿಗೆ ನಾನು ಮಿಸ್ಸು. ಅಮ್ಮನಿಗೆ ನಾನು "ಇವಳೇ". ವಾರುಣಿ ಎಂಬ ನನ್ನ ಹೆಸರನ್ನು ಬಾಯ್ತುಂಬ ಕರೆಯುತ್ತಿದ್ದವಳು ಒಬ್ಬಳೇ: ಎದುರು ಮನೆಯ ಇಂಪನಾ, ಎಂಟನೇ ಕ್ಲಾಸು. ಶಾಲೆಯಿಂದ ಬಂದವಳೇ ಚಪ್ಪಲಿ ಬಿಡುವ ಮೊದಲೇ "ವಾರುಣಕ್ಕಾ, ಇವತ್ತೇನಾಯ್ತು ಗೊತ್ತಾ" ಎಂದು ವಠಾರಕ್ಕೆಲ್ಲ ಕೇಳುವ ಹಾಗೆ ಕೂಗುತ್ತಿದ್ದಳು. ಆ ಒಂದು ಕೂಗಿನ ಮೇಲೆ ನನ್ನ ನೆರಳು ಮಾರನೆಯ ದಿನದವರೆಗೆ ನಡೆಯುತ್ತಿತ್ತು ಎಂದು ನನಗೆ ತಿಳಿದದ್ದು ಆ ಕೂಗು ನಿಂತ ಮೇಲೆ.

ಕೂಗು ನಿಂತದ್ದು ಹೀಗೆ. ಶಾಲೆಯ ಬೆಳಗಿನ ಪ್ರಾರ್ಥನೆಯಲ್ಲಿ ಇಂಪನಾ ಮೈಕಿನ ಮುಂದೆ ಹಾಡಿದಳು. ಮೇಲಿನ ಸ್ವರ ಹಿಡಿಯಲು ಹೋದಾಗ ದನಿ ಒಡೆದು ಕೀಚಲಾಯಿತು. ಆ ವಯಸ್ಸಿನ ದನಿ ಒಡೆಯುವುದರಲ್ಲಿ ಹೊಸದೇನಿದೆ? ಆದರೆ ಯಾರೋ ಅದನ್ನು ಫೋನಿನಲ್ಲಿ ಹಿಡಿದುಕೊಂಡಿದ್ದರು. ದನಿ ಒಡೆದ ಜಾಗಕ್ಕೆ ಸರಿಯಾಗಿ ಕತ್ತರಿಸಿ, ಕೆಳಗೆ ಕುಕ್ಕರಿನ ಚಿತ್ರ ಹಾಕಿ, ಕ್ಲಾಸಿನ ಗ್ರೂಪಿಗೆ ಬಿಟ್ಟವಳು ಪ್ರಣತಿ. ಪ್ರಣತಿಯೂ ನಮ್ಮ ವಠಾರದವಳೇ, ಹೋದ ವರ್ಷದವರೆಗೆ ಇಂಪನಾಳ ಜೊತೆ ಒಂದೇ ಡಬ್ಬಿಯಲ್ಲಿ ಉಣ್ಣುತ್ತಿದ್ದವಳು. "ಹೆಸರು ಇಂಪನಾ, ಕೂಗೋದು ಕುಕ್ಕರ್" ಎಂದು ಬರೆದಿದ್ದಳು. ಸಂಜೆಯೊಳಗೆ ಗ್ರೂಪಿನ ಹೆಸರೇ "ಅಡುಗೆಮನೆ" ಎಂದಾಗಿತ್ತು.

ಅಂದು ಬೆಳಿಗ್ಗೆ ನಾನೂ ಶಾಲೆಯ ಗೇಟಿನ ಹೊರಗೆ ನಿಂತಿದ್ದೆ. ಅವಳು ನಮ್ಮ ಮನೆಯಲ್ಲಿ ಮರೆತುಹೋಗಿದ್ದ ಕಂಪಾಸ್ ಪೆಟ್ಟಿಗೆ ಕೊಡಲು ಹೋಗಿದ್ದೆ. ಪ್ರಾರ್ಥನೆ ಮುಗಿಯುವವರೆಗೆ ಗೇಟು ತೆಗೆಯುವುದಿಲ್ಲ. ಮೈಕಿನ ಹಾರ್ನನ್ನು ಯಾವ ಕಾಲದಲ್ಲೋ ರಸ್ತೆಯ ಕಡೆಗೆ ತಿರುಗಿಸಿ ಕಟ್ಟಿದ್ದಾರೆ, ಹಾಗಾಗಿ ಒಳಗಿನವರಿಗಿಂತ ಹೊರಗಿನವರಿಗೇ ಚೆನ್ನಾಗಿ ಕೇಳುತ್ತದೆ. ನಾನು ಎಲ್ಲ ಕೇಳಿದೆ. ಪೆಟ್ಟಿಗೆ ಕೊಟ್ಟು ಮನೆಗೆ ಬಂದೆ. ಏನು ಕೇಳಿದೆ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮೊದಲಿನ ಕಾಲದಲ್ಲಿ ಒಬ್ಬರ ನೆರಳು ಬದಲಾಗಬೇಕಾದರೆ ಬೀದಿಯವರೆಲ್ಲ ಸೇರಿ ವರ್ಷಾನುಗಟ್ಟಲೆ ಕರೆಯಬೇಕಿತ್ತು. ಅಷ್ಟರಲ್ಲಿ ನೆರಳಿಗೂ ಮನುಷ್ಯನಿಗೂ ಒಗ್ಗಿಹೋಗುತ್ತಿತ್ತು. ಇಂಪನಾಳದ್ದು ಬೆಳಗಾಗುವುದರಲ್ಲಿ ಆಯಿತು. ಶಾಲೆಗೆ ಹೊರಟವಳ ಮುಂದೆ ರಸ್ತೆಯ ಮೇಲೆ ಒಂದು ಕುಕ್ಕರ್ ಮಲಗಿತ್ತು. ಒಂದು ಪಕ್ಕಕ್ಕೆ ಹಿಡಿ, ಮೇಲೆ ಮುಚ್ಚಳ, ತಲೆಯ ಜಾಗದಲ್ಲಿ ವಿಷಲ್. ಅವಳು ಹೆಜ್ಜೆ ಇಟ್ಟರೆ ಅದೂ ಉರುಳಿಕೊಂಡು ಮುಂದೆ ಹೋಗುತ್ತಿತ್ತು. ಹಿಂದಿನಿಂದ ಯಾರೋ "ಸ್ಸ್ಸ್" ಎಂದರು. ಇನ್ಯಾರೋ "ಎಷ್ಟು ಕೂಗಾಯ್ತೇ? ಇಳಿಸ್ಬಹುದಾ?" ಎಂದರು. ಅವಳು ಮನೆಗೆ ವಾಪಸ್ಸು ಬಂದು ಬಾಗಿಲು ಹಾಕಿಕೊಂಡಳು.

ಆಮೇಲೆ ಅವಳು ಬಿಸಿಲಿನ ಲೆಕ್ಕ ಕಲಿತಳು. ಬೆಳಿಗ್ಗೆ ಹೊಟ್ಟೆನೋವು ಎನ್ನುತ್ತಿದ್ದಳು. ಮಧ್ಯಾಹ್ನ, ನೆರಳು ಕಾಲಡಿಗೆ ಸೇರಿದ ಮೇಲೆ, ನೋವು ಹೋಗುತ್ತಿತ್ತು. ತಡವಾಗಿ ಶಾಲೆಗೆ ಹೋಗಿ ಬೈಸಿಕೊಳ್ಳುತ್ತಿದ್ದಳು. ಸಂಜೆ ನೆರಳು ಉದ್ದವಾಗುವ ಮೊದಲೇ ಗೋಡೆಗೆ ಅಂಟಿಕೊಂಡು ಓಡಿಬರುತ್ತಿದ್ದಳು. ಮೋಡದ ದಿನ ಬಂದರೆ ಮಾತ್ರ ಹಬ್ಬ. ಊಟ ಅರ್ಧಕ್ಕೆ ಇಳಿಯಿತು. ಮಾತು ಪೂರ್ತಿ ನಿಂತಿತು, ಬಾಯಿ ತೆರೆದರೆ ಎಲ್ಲಿ ಸೀಟಿ ಹೊಡೆದುಬಿಡುತ್ತದೋ ಎಂಬ ಹಾಗೆ ತುಟಿ ಬಿಗಿದುಕೊಂಡಿರುತ್ತಿದ್ದಳು. ಪಾಠಕ್ಕೆ ಕೂತಾಗಲೂ ಫೋನು ತೊಡೆಯ ಮೇಲೆ. ನಾನು ನನ್ನ ಎಂದಿನ ಪಿಸುದನಿಯಲ್ಲಿ "ಅದನ್ನ ಆಫ್ ಮಾಡಿ ಇಡೇ" ಎಂದೆ. ಅವಳು ಲೆಕ್ಕದ ಪುಸ್ತಕದ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದು ತೋರಿಸಿದಳು: "ನೋಡದೇ ಇದ್ರೆ ಇನ್ನೂ ಏನೇನು ಬರೀತಿದಾರೋ ಅನ್ಸತ್ತೆ." ಎರಡು ಮೂಕಬಸವಗಳ ಹಾಗೆ ಕೂತು ಲಸಾಅ ಮಾಡಿದೆವು.

ಗ್ರೂಪು ಒಂದರಿಂದ ಇನ್ನೊಂದಕ್ಕೆ ಹರಡಿತು. ಅವಳನ್ನು ಕಣ್ಣಿಂದ ಕಾಣದವರೂ, ಬೇರೆ ಶಾಲೆಯವರೂ ಕುಕ್ಕರ್ ಎಂದರು. ಒಬ್ಬೊಬ್ಬರು ಅಂದಾಗಲೂ ನೆರಳು ಒಂದಿಷ್ಟು ಊದಿಕೊಂಡಿತು. ಮೊದಲು ಇಬ್ಬರಿಗೆ ಅನ್ನವಾಗುವಷ್ಟಿದ್ದ ಕುಕ್ಕರ್ ಮದುವೆಮನೆಯ ಕುಕ್ಕರ್ ಆಯಿತು.

ನಮ್ಮ ವಠಾರದ ಹಿರಿಯರು ಸುಮ್ಮನೆ ಕೂರುವವರಲ್ಲ. ಅವರಿಗೂ ಒಂದು ಗ್ರೂಪಿದೆ, "ಸೂರ್ಯೋದಯ ಬಳಗ". ಬೆಳಗಾದರೆ ಗುಲಾಬಿ, ಸಂಜೆಯಾದರೆ ದೀಪ. ದಸ್ತಗೀರ್ ಸಾಬರು ಅಲ್ಲಿ ದನಿ ಸಂದೇಶ ಕಳಿಸಿದರು: "ಮಕ್ಳು ಫೋನಲ್ಲಿ ಕೆಡಿಸಿದ್ರೆ ನಾವು ಫೋನಲ್ಲೇ ರಿಪೇರಿ ಮಾಡೋಣ. ಎಲ್ರೂ ನಮ್ ಇಂಪನಾಗೆ ಒಂದೊಂದು ಒಳ್ಳೇ ಹೆಸರು ಹಾಕಿ, ಮುಂದಕ್ಕೂ ಕಳಿಸಿ." ಎಲ್ಲರೂ ಹುರುಪಿನಿಂದ ಬೆರಳಿಗೆ ಕೆಲಸ ಕೊಟ್ಟರು. ಕೋಗಿಲೆ ಎಂದರು, ರಾಣಿ ಎಂದರು, ಬಂಗಾರ ಎಂದರು, ಜೇನು ಎಂದರು. ನಾಗರತ್ನಮ್ಮ ಅಕ್ಷರ ಒತ್ತಲು ಬಾರದ್ದರಿಂದ ಬರೀ ಕೈಮುಗಿದ ಚಿತ್ರಗಳನ್ನು ಕಳಿಸಿದರು. ಯಾರೋ ಅಭ್ಯಾಸಬಲದಿಂದ ಗುಲಾಬಿಯನ್ನೂ ಹಾಕಿದರು.

ಮರುದಿನ ಇಂಪನಾ ಅಂಗಳಕ್ಕೆ ಕಾಲಿಟ್ಟಾಗ ಎಲ್ಲರೂ ಬಾಗಿಲಲ್ಲಿ ಕಾಯುತ್ತಿದ್ದೆವು. ಕುಕ್ಕರ್ ಹೋಗಿರಲಿಲ್ಲ. ಅದಕ್ಕೆ ಕೋಗಿಲೆಯ ಬಾಲ ಮೂಡಿತ್ತು. ಮುಚ್ಚಳದ ಮೇಲೆ ಕಿರೀಟ. ಹಿಡಿಯ ತುದಿಯಲ್ಲಿ ಎರಡು ಕೈ ಮುಗಿದುಕೊಂಡಿದ್ದವು. ವಿಷಲ್ಲಿನ ತುದಿಯಲ್ಲಿ ಒಂದು ಗುಲಾಬಿ. "ಯಾ ಅಲ್ಲಾ," ಎಂದರು ಸಾಬರು, "ಇದ್ಯಾವ ಕಂಪ್ನಿ ಮಾಡೆಲ್ಲು!" ಇಂಪನಾ ನೆರಳನ್ನು ನೋಡಿದಳು. ಒಂದು ಸಲ ಅವಳ ಮೂಗಿನಿಂದ ನಗು ನುಗ್ಗಿಬಂತು. ಅದೇ ಉಸಿರಿನಲ್ಲಿ ಅಳುವೂ ಬಂತು. ಅವಳು ಒಳಗೆ ಓಡಿದಳು. ಮಧ್ಯಾಹ್ನದ ಹೊತ್ತಿಗೆ ಕೈಮುಗಿದ ಕುಕ್ಕರಿನ ಚಿತ್ರ ಊರೆಲ್ಲ ತಿರುಗಿತು.

ಅವಳ ಅಮ್ಮ ಜಲಜಾಕ್ಷಿ ಬಟ್ಟೆ ಅಂಗಡಿಯಲ್ಲಿ ಸೀರೆ ತೋರಿಸುವ ಕೆಲಸದವರು, ಇಡೀ ದಿನ ನಿಂತೇ ಇರುವವರು. ಅವತ್ತು ಮೊದಲ ಸಲ ನಮ್ಮ ಮನೆಯ ಮೆಟ್ಟಿಲ ಮೇಲೆ ಕುಸಿದು ಕೂತರು. "ಸೋಮವಾರ ಟಿ.ಸಿ. ಇಸ್ಕೊಂಡು ಬರ್ತೀನಿ. ನಮ್ಮಕ್ಕನ ಊರಿಗೆ ಕಳಿಸ್ಬಿಡ್ತೀನಿ. ಅಲ್ಲಿ ನೆರಳು ಅಂದ್ರೆ ಬರೀ ನೆರಳು. ಇಲ್ಲಿ ಇನ್ನೊಂದ್ ತಿಂಗಳಿದ್ರೆ ಈ ಮಗು ಮಾತಾಡೋದೇ ಮರೀತಾಳೆ." ಅಮ್ಮ ಅವರಿಗೆ ನೀರು ಕೊಟ್ಟಳು. ಮೂಲೆಯಲ್ಲಿ ಕೂತಿದ್ದ ಇಂಪನಾ ಬೇಡ ಎನ್ನಲೂ ಇಲ್ಲ, ಹೂಂ ಎನ್ನಲೂ ಇಲ್ಲ. ಹೇಳಬೇಕಾದ ಮಾತೊಂದು ನನ್ನ ನಾಲಗೆಗೆ ಬಂತು. ನುಂಗಿದೆ. ನುಂಗುವುದರಲ್ಲಿ ನಾನು ಪಳಗಿದವಳು.

ಆಗ ನಾಗರತ್ನಮ್ಮ ಮೇಲಿನ ಮನೆಯಿಂದ ಇಳಿದು ಬಂದರು. "ಟಿ.ಸಿ. ಗೀಸಿ ಆಮೇಲೆ ನೋಡ್ಕೊಳ್ಳೋಣ. ಭಾನುವಾರ ಮಗೂನ ಬಿಸಿಲಿಗೆ ನಿಲ್ಸಿ."

ಬಿಸಿಲಿಗೆ ನಿಲ್ಲಿಸುವುದು ಹಳೇ ಪದ್ಧತಿ, ನಾನು ಕಂಡಿರಲಿಲ್ಲ. ಅಜ್ಜಿ ವಿವರಿಸಿದರು. ಕೆಟ್ಟ ನೆರಳಿನವರನ್ನು ಎಳೆಬಿಸಿಲಲ್ಲಿ ನಿಲ್ಲಿಸಬೇಕು. ಒಬ್ಬೊಬ್ಬರೇ ಎದುರು ನಿಂತು, ಹೆಸರು ಹಿಡಿದು ಕರೆದು, ಅವರ ಬಗ್ಗೆ ತಾವೇ ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು ಒಂದು ಮಾತು ಹೇಳಬೇಕು. ಎಲ್ಲರಿಗೂ ಕೇಳುವ ಹಾಗೆ. "ಹೊಗಳಿಕೆ ನಡಿಯಲ್ಲ," ಎಂದರು ಅಜ್ಜಿ. "ನೆರಳಿಗೆ ಹೊಗಳಿಕೆ ಹತ್ತಲ್ಲ, ಜಾರಿ ಹೋಗುತ್ತೆ. ಪಿಸುಗುಟ್ಟೋದೂ ನಡಿಯಲ್ಲ." ಕೊನೆಯ ಮಾತು ಹೇಳುವಾಗ ಅವರು ನನ್ನ ಕಡೆ ನೋಡಿದರೋ ಇಲ್ಲವೋ ಗೊತ್ತಿಲ್ಲ. ನಾನು ಮಾತ್ರ ಅಡುಗೆಮನೆಗೆ ಹೋಗಿ ಒಲೆ ಒರೆಸಿದೆ.

ಭಾನುವಾರ ವಠಾರದ ಅಂಗಳ ಮದುವೆಮನೆಯ ಹಾಗಿತ್ತು. ಯಾರೋ ಕುರ್ಚಿ ತಂದರು, ಅಮ್ಮ ಒಗ್ಗರಣೆ ಅವಲಕ್ಕಿ ಮಾಡಿದಳು, ಸಾಬರು ನಿಜವಾದ ಕೆಟ್ಲಿನಲ್ಲಿ ಟೀ ತಂದರು. ನೆಲದ ಮೇಲೆ ಒಂದು ಕೆಟ್ಲ್ ಇನ್ನೊಂದು ಕೆಟ್ಲನ್ನು ಹಿಡಿದುಕೊಂಡು ಬಂದ ಹಾಗೆ ಕಂಡು ಮಕ್ಕಳು ಕೇಕೆ ಹಾಕಿದರು. ಪ್ರಣತಿ ತನ್ನ ಅಪ್ಪನ ಸ್ಕೂಟರಿನ ಸೀಟಿನ ಮೇಲೆ ಕೂತು ಫೋನು ಎತ್ತಿ ಹಿಡಿದಿದ್ದಳು. ಗ್ರೂಪಿನಲ್ಲಿ ಎಲ್ಲರೂ ಅವಳನ್ನು ಅಡ್ಮಿನ್ ಎಂದು ಕರೆಯುತ್ತಿದ್ದರಂತೆ. ಅವಳ ನೆರಳು ಫೋನಿನಲ್ಲಿ ಲೈಕ್ ಒತ್ತುವ ಒಂದು ದೊಡ್ಡ ಹೆಬ್ಬೆರಳಾಗಿ ಗೋಡೆಯ ಮೇಲೆ ಒಂಟಿಯಾಗಿ ನಿಂತಿತ್ತು. ಅದನ್ನು ಅವಳು ನೋಡದ ಹಾಗೆ ಕೂತಿದ್ದಳು.

ಜಲಜಕ್ಕ ಮಗಳ ಕೈ ಹಿಡಿದು ಅಂಗಳದ ನಡುವೆ ತಂದು ಬಿಟ್ಟರು. ಇಂಪನಾ ತಲೆ ತಗ್ಗಿಸಿ ನಿಂತಳು. ಕುಕ್ಕರ್ ಅಂಗಳದ ಉದ್ದಕ್ಕೂ ಬಿದ್ದುಕೊಂಡಿತು, ಕೋಗಿಲೆಯ ಬಾಲ ತುಳಸಿಕಟ್ಟೆಯ ಮೇಲೆ ಹತ್ತಿತ್ತು.

ಮೊದಲು ಬಂದವಳು ನಮ್ಮಮ್ಮ. ಸೆರಗು ಸರಿಮಾಡಿಕೊಂಡು, "ಇಂಪನಾ, ನೀನು ತುಂಬಾ ಒಳ್ಳೇ ಹುಡುಗಿ. ಜಾಣೆ. ಬಂಗಾರ," ಎಂದಳು. ನೆರಳು ಕದಲಲಿಲ್ಲ. ಗುಲಾಬಿ ಮಾತ್ರ ಇನ್ನೊಂದು ಎಸಳು ಬಿಟ್ಟಿತು. "ಹೊಗಳಬೇಡ ಅಂದ್ನಲ್ಲೇ!" ಎಂದರು ಅಜ್ಜಿ. ಅಷ್ಟರಲ್ಲಿ ಮೋಡ ಬಂತು. "ಬಿಸಿಲಿಗೂ ಬ್ರೇಕು ಬೇಕಲ್ವಾ? ಟೀ ತಗೊಳ್ಳಿ, ಟೀ ತಗೊಳ್ಳಿ," ಎಂದು ಸಾಬರು ಲೋಟ ಹಂಚಿದರು.

ಮೋಡ ಸರಿದ ಮೇಲೆ ಅವರೇ ಎದುರು ನಿಂತರು. "ಇಂಪನಾ ಬೇಟಿ. ನನ್ನ ಅಂಗಡಿ ಬಾಗ್ಲಲ್ಲಿರೋ ಕುಂಟು ಬೆಕ್ಕಿಗೆ ನೀನು ದಿನಾ ಡಬ್ಬಿಯಿಂದ ಮೊಸರನ್ನ ಹಾಕ್ತೀಯ. ನಾನು ನೋಡಿಲ್ಲ ಅಂದ್ಕೊಂಡಿದೀಯ. ಅದು ಈಗ ನಾನು ಹಾಕಿದ ಬಿಸ್ಕತ್ತು ತಿನ್ನಲ್ಲ, ಹಾಳಾದ್ದು, ಮೊಸರನ್ನವೇ ಬೇಕು ಅಂತ ಕೂರುತ್ತೆ." ಎಲ್ಲರೂ ನಕ್ಕರು. ನಗುವಿನ ನಡುವೆ ಒಂದು ಮಗು ಕೂಗಿತು: "ಹಿಡಿ ಬಿತ್ತು! ಹಿಡಿ ಬಿತ್ತು!" ನಿಜ, ಕುಕ್ಕರಿನ ಹಿಡಿ ಇದ್ದಲ್ಲಿ ಒಂದು ತೆಳ್ಳನೆಯ ತೋಳು ಕಾಣುತ್ತಿತ್ತು.

ಆಮೇಲೆ ಜನ ಮುಗಿಬಿದ್ದರು. ಅವಳು ಸೈಕಲ್ಲಿನಿಂದ ಬಿದ್ದು ಬೀದಿಯವರೆಲ್ಲ ಓಡಿಬಂದಾಗ, ಅಳುವ ಬದಲು ಸೈಕಲ್ಲಿಗೆ ಬೈದದ್ದನ್ನು ಒಬ್ಬರು ಹೇಳಿದರು. ನಾಗರತ್ನಮ್ಮ, "ಇಂಪನಾ, ನೀನು ನನ್ನ ಹಲ್ಲಿನ ಸೆಟ್ಟು ಹುಡುಕಿ ಕೊಟ್ಟು, ಯಾರಿಗೂ ಹೇಳಲ್ಲ ಅಂದಿದ್ದೆ. ಹೇಳಲೂ ಇಲ್ಲ. ಈಗ ನಾನೇ ಹೇಳ್ಬಿಟ್ಟೆ ನೋಡು," ಎಂದರು. ಬಾಲ ಉದುರಿತು, ಗುಲಾಬಿ ಬಾಡಿತು, ಕಿರೀಟ ಕರಗಿತು. ಜಲಜಕ್ಕ ಮಗಳ ಎದುರು ನಿಂತು ಹೇಳಿದರು: "ಇಂಪಿ, ನಂಗೆ ಜ್ವರ ಬಂದಾಗ ನೀನೇ ಸಾರು ಮಾಡಿದ್ದೆ. ಚೆನ್ನಾಗಿದೆ ಅಂದೆ ನಾನು. ಚೆನ್ನಾಗಿರ್ಲಿಲ್ಲ ಕಣೇ. ಉಪ್ಪೇ ಇರ್ಲಿಲ್ಲ. ಎರಡು ಸಲ ಹಾಕಿಸ್ಕೊಂಡು ತಿಂದೆ." ಇಂಪನಾಳ ಭುಜ ಕುಲುಕಿತು. ನಗುತ್ತಿದ್ದಳು. ನೆಲದ ಮೇಲೆ ಕುಕ್ಕರಿನ ಹೊಟ್ಟೆ ಕರಗಿ ಲಂಗದ ಅಂಚು ಮೂಡಿತು.

"ಏ ಸ್ಕೂಟರ್ ಮೇಲಿರೋಳೇ," ಎಂದರು ಅಜ್ಜಿ. "ಫೋನು ಕೆಳಗಿಟ್ಟು ಬಾಯಿ ತೆಗಿ. ನೀನೂ ಇವಳನ್ನ ಕಂಡಿದೀಯಲ್ಲ."

ಪ್ರಣತಿ ಕೆಂಪಾದಳು. ಫೋನು ಇಳಿಸಿದಳು, ಮತ್ತೆ ಎತ್ತಿದಳು, ಮತ್ತೆ ಇಳಿಸಿದಳು. ಗೋಡೆಯ ಮೇಲಿನ ಹೆಬ್ಬೆರಳು ನಡುಗಿತು. "ನನ್ ಹಲ್ಲಿಗೆ ಕ್ಲಿಪ್ ಹಾಕಿಸ್ದಾಗ ಎಲ್ರೂ ನಕ್ರು," ಎಂದಳು ಸ್ಕೂಟರಿನ ಕನ್ನಡಿಗೆ ಹೇಳುವ ಹಾಗೆ. "ಇಂಪನಾ ನಗ್ಲಿಲ್ಲ. ಆಮೇಲೆ... ಇವಳನ್ನ ನೋಡಿ ನಕ್ರೆ ನನ್ನ ನೋಡಿ ನಗಲ್ಲ ಅಂತ." ಹೇಳಿದವಳೇ ಸ್ಕೂಟರಿನಿಂದ ಧುಮುಕಿ ಮನೆಯೊಳಗೆ ಓಡಿದಳು. ಅವಳ ಚಪ್ಪಲಿ ಒಂದು ಅಲ್ಲೇ ಉಳಿಯಿತು. ಫೋನೂ ಸೀಟಿನ ಮೇಲೆ ಉಳಿಯಿತು. ಕುಕ್ಕರಿನ ಮುಚ್ಚಳ ಸದ್ದಿಲ್ಲದೆ ಸರಿಯಿತು. ಕೆಳಗೆ ಜಡೆ ಇತ್ತು.

ಉಳಿದದ್ದು ವಿಷಲ್ ಒಂದೇ. ಹುಡುಗಿಯ ನೆರಳಿನ ಬಾಯಿಯ ಮೇಲೆ ಬಿರಡೆ ಹಾಕಿದ ಹಾಗೆ ಗಟ್ಟಿಯಾಗಿ ಕೂತಿತ್ತು. ಇನ್ನೂ ಇಬ್ಬರು ಮೂವರು ಬಂದು ಹೇಳಿದರು. ಅಲುಗಲಿಲ್ಲ. ಬಿಸಿಲು ಏರುತ್ತಿತ್ತು, ನೆರಳು ಗಿಡ್ಡವಾಗುತ್ತಿತ್ತು. ಸಾಬರ ಕೆಟ್ಲ್ ಖಾಲಿಯಾಗಿತ್ತು. ಜಲಜಕ್ಕ ಮಗಳ ತುಟಿ ನೋಡಿದರು, ಅದು ಬಿಗಿದೇ ಇತ್ತು. "ಇರ್ಲಿ ಬಿಡಿ ಅಜ್ಜಿ. ಇಷ್ಟಾದ್ರೂ ಆಯ್ತಲ್ಲ. ನಾಳೆ ಟಿ.ಸಿ..." ಎಂದರು.

"ಇನ್ಯಾರೂ ಇಲ್ವಾ?" ಎಂದು ಅಜ್ಜಿ ಅಂಗಳವನ್ನೆಲ್ಲ ಒಂದು ಸುತ್ತು ನೋಡಿದರು.

ನಾನು ಕಂಬದ ಹಿಂದಿದ್ದೆ. ನಾನು ನಿಲ್ಲುವುದು ಯಾವಾಗಲೂ ಕಂಬದ ಹಿಂದೆಯೇ. ಕಂಬದ ನೆರಳಿನಲ್ಲಿ ನನ್ನ ನೆರಳಿನ ಲೆಕ್ಕ ಯಾರೂ ಕೇಳುವುದಿಲ್ಲ. ಆ ವಿಷಲ್ ಏತಕ್ಕೆ ಬಿದ್ದಿಲ್ಲ ಎಂದು ನನಗೆ ಗೊತ್ತಿತ್ತು. ಮೊಸರನ್ನದ ಬಗ್ಗೆ ಹೇಳಿದ್ದರು, ಸಾರಿನ ಬಗ್ಗೆ ಹೇಳಿದ್ದರು, ಆ ಹಾಡಿನ ಬಗ್ಗೆ ಯಾರೂ ಹೇಳಿರಲಿಲ್ಲ. ಎಲ್ಲರೂ ಹುಣ್ಣಿನ ಸುತ್ತ ಮುಲಾಮು ಹಚ್ಚುವ ಹಾಗೆ ಅದನ್ನು ಬಿಟ್ಟು ಮಾತಾಡಿದ್ದರು. ಅಂಗಳದಲ್ಲಿದ್ದವರಲ್ಲಿ ಆ ಹಾಡನ್ನು ನೇರವಾಗಿ ಕೇಳಿದವಳು ನಾನೊಬ್ಬಳೇ. ಅದನ್ನು ನಾನು ಡೈರಿಯಲ್ಲಿ ಚಂದವಾಗಿ ಬರೆದಿದ್ದೆ. ಡೈರಿಯಿಂದ ಯಾವ ನೆರಳೂ ನೆಟ್ಟಗಾಗಿರಲಿಲ್ಲ.

ಇಂಪನಾ ತಲೆ ಎತ್ತಿದಳು. ಅಷ್ಟು ಜನರ ನಡುವೆ ಹುಡುಕಿ, ಕಂಬದ ಹಿಂದಿನ ನನ್ನನ್ನು ಹಿಡಿದಳು. ಅವಳ ತುಟಿ ಸದ್ದಿಲ್ಲದೆ ಅಲುಗಿದ್ದು ನಾಲ್ಕು ಅಕ್ಷರಕ್ಕೆ ಸರಿಯಾಗಿತ್ತು: ವಾರುಣಕ್ಕ.

ನಾನು ಬಿಸಿಲಿಗೆ ಬಂದೆ. ಅಮ್ಮ ಹಿಂದಿನಿಂದ "ಇವಳೇ, ಎಲ್ಲಿಗೆ ಹೊರಟೆ?" ಎಂದಳು. ಒಂದು ಸಲ ಬಾಯಿ ತೆರೆದೆ, ಗಾಳಿ ಮಾತ್ರ ಬಂತು. "ಜೋರಾಗಿ," ಎಂದರು ಅಜ್ಜಿ, ಬೈಯುವ ಹಾಗಲ್ಲ, ಮಗುವಿಗೆ ನಡೆಯಲು ಕಲಿಸುವ ಹಾಗೆ. ನಾನು ಉಸಿರು ಎಳೆದುಕೊಂಡು, ಅಂಗಳದ ಆಚೆ ಬಾಗಿಲು ಹಾಕಿಕೊಂಡ ಪ್ರಣತಿಯವರೆಗೂ ಕೇಳುವ ಹಾಗೆ, ನನ್ನ ಜನ್ಮದಲ್ಲೇ ಮೊದಲ ಸಲ ಕೂಗಿ ಹೇಳಿದೆ:

"ಇಂಪನಾ! ಅವತ್ತು ನಾನು ಗೇಟಿನ ಹೊರಗಿದ್ದೆ. ನಿನ್ನ ದನಿ ಒಡೀತು, ಎಲ್ರೂ ನಕ್ರು, ಫೋನಲ್ಲಿ ಅಲ್ಲಿಗೇ ಕತ್ತರಿಸಿದ್ದಾರೆ. ಆದ್ರೆ ನೀನು ನಿಲ್ಲಿಸಲಿಲ್ಲ ಕಣೇ. ಉಳಿದ ಸಾಲೆಲ್ಲ ಹಾಡಿ ಮುಗಿಸಿದೆ. ನಾನು ಕೊನೇವರೆಗೂ ಕೇಳಿದೀನಿ!"

ನೆಲದ ಮೇಲೆ ವಿಷಲ್ ಕಳಚಿ ಬಿತ್ತು; "ವಾರುಣಕ್ಕಾ!" ಎಂಬ ಅವಳ ಕೂಗಿಗೆ ನನ್ನ ನೆರಳೂ ತಂತಿಯ ನೆರಳಿನಷ್ಟು ಕಪ್ಪಗಾಯಿತು.